ಅಮೆರಿಕದ ಬಡವರ ದಿನಸಿ ಕಾರ್ಡ್: ನಿಯಮ ಬಿಗಿ ಮಾಡಿಸುವವರು ಯಾರು, ಹೇಗೆ?

2025ರ ನವೆಂಬರ್ ಶುರುವಾದಾಗ ಅಮೆರಿಕದ ಲಕ್ಷಾಂತರ ಬಡ ಮನೆಗಳಲ್ಲಿ ದಿನಸಿ ಕಾರ್ಡ್ ಖಾಲಿ ಇತ್ತು. ಬಜೆಟ್‌ಗೆ ಒಪ್ಪಿಗೆ ಸಿಗದೆ ಅಲ್ಲಿನ ಕೇಂದ್ರ ಸರ್ಕಾರದ ಕೆಲಸ ಅಕ್ಟೋಬರ್ 1ರಿಂದ ನಿಂತಿತ್ತು. ನವೆಂಬರ್ ತಿಂಗಳ ಆಹಾರ ಸಹಾಯ ಕೊಡಲು ಆಗುವುದಿಲ್ಲ ಎಂದು ಈ ಯೋಜನೆ ನಡೆಸುವ ಕೃಷಿ ಇಲಾಖೆ ಹೇಳಿಬಿಟ್ಟಿತು. ವಿಷಯ ಕೋರ್ಟಿಗೆ ಹೋಯಿತು. ಕೆಲವು ರಾಜ್ಯಗಳಲ್ಲಿ ಹಣ ಬಂತು, ಕೆಲವು ಕಡೆ ಒಂದು ಭಾಗ ಮಾತ್ರ ಬಂತು, ಕೆಲವು ಕಡೆ ಬರಲೇ ಇಲ್ಲ. ನವೆಂಬರ್ 12ರಂದು ಸರ್ಕಾರ ಮತ್ತೆ ಕೆಲಸ ಶುರು ಮಾಡುವ ತನಕ ಈ ಗೊಂದಲ ಮುಗಿಯಲಿಲ್ಲ. ಪುಕ್ಕಟೆ ದಿನಸಿ ಹಂಚುವ ಫುಡ್ ಬ್ಯಾಂಕ್‌ಗಳ ಮುಂದೆ ನಿಂತ ಉದ್ದನೆಯ ಸಾಲುಗಳನ್ನು ನಾವೂ ಇಲ್ಲಿ ಫೋನಿನಲ್ಲಿ ನೋಡಿದೆವು.

ಆ ತೊಂದರೆ ಕೆಲವು ವಾರಗಳದ್ದು. ಅದಕ್ಕಿಂತ ದೊಡ್ಡದು, ಬಹಳ ಕಾಲ ಉಳಿಯುವಂಥದ್ದು, ನಾಲ್ಕು ತಿಂಗಳ ಹಿಂದೆಯೇ ನಡೆದುಹೋಗಿತ್ತು. 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾಯ್ದೆಯೊಂದು ಇದೇ ಸಹಾಯದ ನಿಯಮಗಳನ್ನು ಬದಲಿಸಿತ್ತು. ಹತ್ತು ವರ್ಷಗಳಲ್ಲಿ ಈ ಯೋಜನೆಯ ಮೇಲಿನ ಕೇಂದ್ರದ ಖರ್ಚು ಸುಮಾರು 18,700 ಕೋಟಿ ಡಾಲರ್ ಕಡಿಮೆಯಾಗುತ್ತದೆ ಎಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿ ಲೆಕ್ಕ ಹಾಕಿತು. ಇದು ಒಂದೇ ದಿನದಲ್ಲಿ ಆದ ಬದಲಾವಣೆ ಅಲ್ಲ. ಇದರ ಹಿಂದೆ ಹತ್ತಾರು ವರ್ಷಗಳ ಪಟ್ಟುಬಿಡದ ಲಾಬಿ ಇದೆ. ಅದು ಹೇಗೆ ನಡೆಯುತ್ತದೆ ಎಂದು ಬುಡದಿಂದ ನೋಡೋಣ.

ಸ್ನ್ಯಾಪ್ ಅಂದರೆ ಏನು?

ಯೋಜನೆಯ ಪೂರ್ತಿ ಹೆಸರು ಸಪ್ಲಿಮೆಂಟಲ್ ನ್ಯೂಟ್ರಿಷನ್ ಅಸಿಸ್ಟೆನ್ಸ್ ಪ್ರೋಗ್ರಾಂ. ಎಲ್ಲರೂ ಕರೆಯುವುದು ಸ್ನ್ಯಾಪ್ ಎಂದು. ಹಳಬರು ಈಗಲೂ ಫುಡ್ ಸ್ಟಾಂಪ್ ಅನ್ನುತ್ತಾರೆ.

ನಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ಸರ್ಕಾರ ಧಾನ್ಯವನ್ನೇ ಕೊಡುತ್ತದೆ. ಸ್ನ್ಯಾಪ್‌ನಲ್ಲಿ ಧಾನ್ಯ ಇಲ್ಲ. ಡೆಬಿಟ್ ಕಾರ್ಡ್ ಥರದ ಒಂದು ಕಾರ್ಡ್ ಕೊಟ್ಟು, ತಿಂಗಳಿಗೊಮ್ಮೆ ಅದಕ್ಕೆ ಹಣ ಹಾಕುತ್ತಾರೆ. ಯೋಜನೆಗೆ ನೋಂದಾಯಿಸಿಕೊಂಡ ಯಾವ ಅಂಗಡಿಯಲ್ಲಾದರೂ ಅದನ್ನು ಉಜ್ಜಿ ಆಹಾರ ಕೊಳ್ಳಬಹುದು. ಇಂಥ ಅಂಗಡಿಗಳು ದೇಶದಲ್ಲಿ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಇವೆ. ಮದ್ಯ, ಸಿಗರೇಟು, ಔಷಧಿ, ಸೋಪು ಕೊಳ್ಳುವ ಹಾಗಿಲ್ಲ. ಅಂಗಡಿಯಲ್ಲೇ ಬಿಸಿ ಮಾಡಿ ಮಾರುವ ಊಟವನ್ನೂ ಸಾಮಾನ್ಯವಾಗಿ ಕೊಳ್ಳುವಂತಿಲ್ಲ.

2024ರ ಲೆಕ್ಕದಲ್ಲಿ ತಿಂಗಳಿಗೆ ಸರಾಸರಿ ಸುಮಾರು 4.2 ಕೋಟಿ ಜನ ಇದನ್ನು ಪಡೆದರು. ಅಂದರೆ ಎಂಟು ಜನರಲ್ಲಿ ಒಬ್ಬರು. ತಲೆಗೆ ತಿಂಗಳಿಗೆ ಸಿಕ್ಕಿದ್ದು ಸರಾಸರಿ 187 ಡಾಲರ್, ದಿನಕ್ಕೆ ಸುಮಾರು 6 ಡಾಲರ್. ಅಮೆರಿಕದ ಬೆಲೆಗಳಲ್ಲಿ 6 ಡಾಲರ್‌ಗೆ ಹೋಟೆಲಿನಲ್ಲಿ ಒಂದು ಹೊತ್ತಿನ ಊಟ ಸಿಗುವುದೂ ಕಷ್ಟ. ಫಲಾನುಭವಿಗಳಲ್ಲಿ ಶೇ 39ರಷ್ಟು ಮಕ್ಕಳು. 60 ವರ್ಷ ದಾಟಿದವರು ಶೇ 20. ಅಂಗವಿಕಲ ವಯಸ್ಕರು ಇನ್ನೊಂದು ಶೇ 10.

ಹಣ ಕೇಂದ್ರದ್ದು, ಕೊಡುವ ಕೆಲಸ ರಾಜ್ಯಗಳದ್ದು. ಸಹಾಯಧನವನ್ನು ಪೂರ್ತಿ ಕೇಂದ್ರವೇ ಭರಿಸುತ್ತಿತ್ತು. ಅರ್ಜಿ ತೆಗೆದುಕೊಳ್ಳುವುದು, ದಾಖಲೆ ನೋಡುವುದು, ಕಚೇರಿ ನಡೆಸುವುದು ರಾಜ್ಯದ ಕೆಲಸ. ಆ ಖರ್ಚನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳುತ್ತಿದ್ದರು. ಈ ಹಂಚಿಕೆ ನೆನಪಿರಲಿ, ಹೊಸ ಕಾಯ್ದೆ ಕೈ ಹಾಕಿರುವುದು ಇಲ್ಲೇ.

ರೈತರೂ ಬಡವರೂ ಒಂದೇ ಮಸೂದೆಯಲ್ಲಿ

ಇಂಥ ಮೊದಲ ಯೋಜನೆ ಶುರುವಾದದ್ದು 1939ರಲ್ಲಿ, ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಊರಿನಲ್ಲಿ. ಆಗ ಒಂದು ಕಡೆ ರೈತರ ಬೆಳೆ ಮಾರಾಟವಾಗದೆ ಉಳಿದಿತ್ತು, ಇನ್ನೊಂದು ಕಡೆ ಜನ ಹಸಿದಿದ್ದರು. ಬಡವರು 1 ಡಾಲರ್ ಕೊಟ್ಟು ಕಿತ್ತಳೆ ಬಣ್ಣದ ಸ್ಟಾಂಪ್ ಕೊಂಡರೆ, 50 ಸೆಂಟಿನ ನೀಲಿ ಸ್ಟಾಂಪ್ ಪುಕ್ಕಟೆ ಸಿಗುತ್ತಿತ್ತು. ನೀಲಿ ಸ್ಟಾಂಪಿಗೆ ಹೆಚ್ಚುವರಿಯಾಗಿ ಉಳಿದ ಬೆಳೆಗಳನ್ನು ಮಾತ್ರ ಕೊಳ್ಳಬೇಕಿತ್ತು. ಯುದ್ಧದ ಹೊತ್ತಿಗೆ, 1943ರಲ್ಲಿ, ಇದು ನಿಂತುಹೋಯಿತು. 1961ರಲ್ಲಿ ಕೆನಡಿ ಪ್ರಯೋಗವಾಗಿ ಮತ್ತೆ ಶುರು ಮಾಡಿದರು. 1964ರಲ್ಲಿ ಲಿಂಡನ್ ಜಾನ್ಸನ್ ಅದನ್ನು ಕಾಯ್ದೆ ಮಾಡಿದರು.

1973ರಿಂದ ಈ ಯೋಜನೆ 'ಫಾರ್ಮ್ ಬಿಲ್' ಎಂಬ ದೊಡ್ಡ ಮಸೂದೆಯ ಭಾಗವಾಯಿತು. ಹಲವು ವರ್ಷಗಳಿಗೊಮ್ಮೆ ಬರುವ ಆ ಮಸೂದೆಯಲ್ಲೇ ರೈತರ ಸಬ್ಸಿಡಿಯೂ ಇರುತ್ತದೆ. ಹಳ್ಳಿ ಕಡೆಯ ಸಂಸದರಿಗೆ ಸಬ್ಸಿಡಿ ಬೇಕು, ನಗರದ ಸಂಸದರಿಗೆ ಫುಡ್ ಸ್ಟಾಂಪ್ ಬೇಕು. ಎರಡೂ ಜೊತೆಗಿದ್ದರೆ ಇಬ್ಬರ ವೋಟೂ ಸಿಗುತ್ತದೆ. ಎಷ್ಟೋ ವರ್ಷ ಈ ಯೋಜನೆಯನ್ನು ಕಾಪಾಡಿದ್ದು ಈ ಹೊಂದಾಣಿಕೆಯೇ.

ಇಲ್ಲಿ 1970ರ ದಶಕದ ಒಂದು ಘಟನೆ ಹೇಳಬೇಕು. ಆ ತನಕ ಬಡವರು ತಮ್ಮ ಕೈಯಿಂದ ಒಂದಷ್ಟು ಹಣ ಕಟ್ಟಿಯೇ ಸ್ಟಾಂಪ್ ಪಡೆಯಬೇಕಿತ್ತು. ಕಟ್ಟಿದ್ದಕ್ಕಿಂತ ಹೆಚ್ಚು ಬೆಲೆಯ ಸ್ಟಾಂಪ್ ಸಿಗುತ್ತಿತ್ತು ನಿಜ. ಆದರೆ ಕಟ್ಟಲು ಮೊದಲು ಹಣ ಬೇಕಲ್ಲ? 1977ರ ಕಾಯ್ದೆ ಆ ಷರತ್ತನ್ನು ತೆಗೆದುಹಾಕಿತು. 1979ರ ಜನವರಿಯಲ್ಲಿ ಅದು ಜಾರಿಗೆ ಬಂದಾಗ, ಹಿಂದಿನ ತಿಂಗಳಿಗಿಂತ 15 ಲಕ್ಷ ಜನ ಹೆಚ್ಚಾದರು. ಒಂದು ತಿಂಗಳಲ್ಲಿ! ಅವರೆಲ್ಲ ಹಿಂದಿನ ತಿಂಗಳೂ ಬಡವರೇ ಆಗಿದ್ದರು. ಅಡ್ಡ ನಿಂತಿದ್ದು ಒಂದು ನಿಯಮ.

ಈ ಇಡೀ ವಿಷಯದ ಬೀಗದ ಕೈ ಇಲ್ಲಿದೆ ಅಂತ ನನಗೆ ಅನಿಸುತ್ತದೆ. ಬಡವರ ಊಟ ಕಿತ್ತುಕೊಳ್ಳಿ ಎಂದು ಯಾವ ರಾಜಕಾರಣಿಯೂ ಭಾಷಣ ಮಾಡುವುದಿಲ್ಲ. ಯಾವ ಲಾಬಿಗಾರನೂ ಹಾಗೆ ಕೇಳುವುದಿಲ್ಲ. ಕೇಳುವುದು ಒಂದು ಷರತ್ತು, ಒಂದು ದಾಖಲೆ, ಒಂದು ವಯಸ್ಸಿನ ಮಿತಿ. ಪಟ್ಟಿಯಲ್ಲಿ ಎಷ್ಟು ಜನ ಉಳಿಯುತ್ತಾರೆ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ.

ಅಮೆರಿಕದಲ್ಲಿ ಲಾಬಿ ಹೇಗೆ ನಡೆಯುತ್ತದೆ?

ನಮ್ಮಲ್ಲಿ ಲಾಬಿ ಎಂದರೆ ಸಚಿವ ಸ್ಥಾನಕ್ಕಾಗಿ ದೆಹಲಿಗೆ ಓಡುವುದು ನೆನಪಾಗುತ್ತದೆ. ಅಮೆರಿಕದಲ್ಲಿ ಅದೊಂದು ಕಾನೂನುಬದ್ಧ ಉದ್ಯೋಗ. ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕನ್ನು ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿಯೇ ಕೊಟ್ಟಿದೆ. ಕಂಪನಿ, ಸಂಘ, ಟ್ರಸ್ಟ್, ಯಾರು ಬೇಕಾದರೂ ಸಂಬಳ ಕೊಟ್ಟು ಲಾಬಿಗಾರರನ್ನು ಇಟ್ಟುಕೊಳ್ಳಬಹುದು. 1995ರ ಕಾಯ್ದೆಯ ಪ್ರಕಾರ ಅವರು ಹೆಸರು ನೋಂದಾಯಿಸಬೇಕು, ಯಾರಿಗಾಗಿ, ಯಾವ ವಿಷಯಕ್ಕೆ, ಎಷ್ಟು ಹಣಕ್ಕೆ ಕೆಲಸ ಮಾಡಿದೆವು ಎಂದು ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಈಚಿನ ವರ್ಷಗಳಲ್ಲಿ ಕೇಂದ್ರದ ಮಟ್ಟದ ಲಾಬಿಗೆ ವರ್ಷಕ್ಕೆ 400 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚಾಗುತ್ತಿದೆ.

ಆದರೆ ಈ ನೋಂದಣಿ ಎಲ್ಲರನ್ನೂ ಹಿಡಿಯುವುದಿಲ್ಲ. ಒಬ್ಬ ಗ್ರಾಹಕನಿಗಾಗಿ ಮಾಡುವ ಕೆಲಸದಲ್ಲಿ ಲಾಬಿಯ ಪಾಲು ಶೇ 20ಕ್ಕಿಂತ ಕಡಿಮೆ ಇದ್ದರೆ ಆತ ನೋಂದಾಯಿಸಬೇಕಿಲ್ಲ. ಜೊತೆಗೆ, ವರದಿ ಬರೆಯುವುದು, ಸಮೀಕ್ಷೆ ಮಾಡಿಸುವುದು, ಶಾಸಕರನ್ನು ಕರೆದು ವಿಚಾರ ಸಂಕಿರಣ ನಡೆಸುವುದು, ಇವೆಲ್ಲ 'ಸಂಶೋಧನೆ' ಅಥವಾ 'ಶಿಕ್ಷಣ' ಎಂಬ ಲೆಕ್ಕಕ್ಕೆ ಹೋಗುತ್ತವೆ. ಈ ಕೆಲಸ ಮಾಡುವ ಸಂಸ್ಥೆಗಳಿಗೆ ಥಿಂಕ್ ಟ್ಯಾಂಕ್ ಅನ್ನುತ್ತಾರೆ. ಅವುಗಳಿಗೆ ಕೊಡುವ ದೇಣಿಗೆಗೆ ತೆರಿಗೆ ವಿನಾಯಿತಿ ಇದೆ, ಆದರೆ ಅವು ನೇರ ಲಾಬಿ ಮಾಡಲು ಮಿತಿ ಇದೆ. ಅದಕ್ಕೇ ಎಷ್ಟೋ ಥಿಂಕ್ ಟ್ಯಾಂಕ್‌ಗಳು ಪಕ್ಕದಲ್ಲೇ ಇನ್ನೊಂದು ಸಂಸ್ಥೆ ಇಟ್ಟುಕೊಂಡಿರುತ್ತವೆ. ಮೊದಲನೆಯದು ವರದಿ ಬರೆಯುತ್ತದೆ, ಎರಡನೆಯದು ಶಾಸಕರ ಕಚೇರಿಗೆ ಹೋಗುತ್ತದೆ.

ಇನ್ನೊಂದು ಮುಖ್ಯ ಸಾಧನ ಮಾದರಿ ಮಸೂದೆ. ತಾಲ್ಲೂಕು ಕಚೇರಿ ಮುಂದೆ ಅಚ್ಚು ಹಾಕಿದ ಅರ್ಜಿ ಫಾರಂ ಸಿಗುತ್ತದಲ್ಲ, ಹೆಸರು, ಊರು ತುಂಬಿದರೆ ಸಾಕು, ಹಾಗೆಯೇ ಇದು. ಕಾಯ್ದೆಯ ಪಠ್ಯ ಪೂರ್ತಿ ಸಿದ್ಧವಿರುತ್ತದೆ. ರಾಜ್ಯದ ಹೆಸರು ಹಾಕಿ ಶಾಸಕರು ಸದನದಲ್ಲಿ ಮಂಡಿಸುತ್ತಾರೆ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಶಾಸಕರಿಗೆ ಅದು ಅರೆಕಾಲಿಕ ಕೆಲಸ. ಸಂಬಳ ಕಡಿಮೆ, ಸಿಬ್ಬಂದಿ ಕಡಿಮೆ. ಸಿದ್ಧ ಮಸೂದೆ, ಅದಕ್ಕೊಂದು ವರದಿ, ಸದನದಲ್ಲಿ ಸಾಕ್ಷಿ ಹೇಳಲು ಒಬ್ಬ ತಜ್ಞ, ಮೂರನ್ನೂ ತಂದುಕೊಡುವವರಿಗೆ ಅಲ್ಲಿ ಸಹಜವಾಗಿಯೇ ತೂಕ ಬರುತ್ತದೆ.

80 ಗಂಟೆಯ ಲೆಕ್ಕ

ಲಾಬಿಯ ಜೋರು ಜಾಸ್ತಿ ಇರುವುದು ಕೆಲಸದ ಷರತ್ತಿನ ಮೇಲೆ. 1996ರಲ್ಲಿ ಬಿಲ್ ಕ್ಲಿಂಟನ್ ಸಹಿ ಮಾಡಿದ ಕಾಯ್ದೆಯಲ್ಲಿ ಇದು ಬಂತು. ದೈಹಿಕವಾಗಿ ಸಮರ್ಥರಾದ, ಮಕ್ಕಳಿಲ್ಲದ ವಯಸ್ಕರು ತಿಂಗಳಿಗೆ 80 ಗಂಟೆ ಕೆಲಸ ಅಥವಾ ತರಬೇತಿ ತೋರಿಸಬೇಕು. ತೋರಿಸದಿದ್ದರೆ ಮೂರು ವರ್ಷಗಳಲ್ಲಿ ಒಟ್ಟು ಮೂರು ತಿಂಗಳು ಮಾತ್ರ ಸಹಾಯ. ಆಗ ಇದು 50ರೊಳಗಿನವರಿಗೆ ಇತ್ತು. ಈ ಕಾಯ್ದೆಯ ಆಹಾರದ ಕಡಿತಗಳು ಅತಿಯಾದವು ಎಂದು ಸಹಿ ಹಾಕುವಾಗ ಕ್ಲಿಂಟನ್ ಅವರೇ ಹೇಳಿದ್ದರು.

ಷರತ್ತಿನ ಪರವಾಗಿರುವವರ ವಾದವನ್ನು ನ್ಯಾಯವಾಗಿ ಹೇಳಬೇಕು. ದುಡಿಯಬಲ್ಲವರು ದುಡಿಯಬೇಕು, ತೆರಿಗೆ ಕಟ್ಟುವವರ ಹಣಕ್ಕೆ ಲೆಕ್ಕ ಇರಬೇಕು, ಕೆಲಸದಿಂದಲೇ ಬಡತನ ನೀಗುವುದು ಎನ್ನುತ್ತಾರೆ ಅವರು. ಈ ಮಾತಿಗೆ ಜನರ ಒಪ್ಪಿಗೆಯೂ ಇದೆ. 2023ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದ ಮತಪತ್ರದಲ್ಲಿ ಒಂದು ಪ್ರಶ್ನೆ ಇತ್ತು. ಸರ್ಕಾರಿ ಸಹಾಯ ಪಡೆಯಲು ಸಮರ್ಥ, ಮಕ್ಕಳಿಲ್ಲದ ವಯಸ್ಕರು ಕೆಲಸ ಹುಡುಕಲೇಬೇಕೆ ಎಂದು ಕೇಳಿದ್ದರು. ಸುಮಾರು ಶೇ 80 ಮಂದಿ ಹೌದು ಎಂದರು. ಹಾಗೆ ಕೇಳಿದರೆ ಬೇರೆ ಉತ್ತರ ಕೊಡುವುದು ಕಷ್ಟ, ಅಲ್ವಾ?

ಈಗ ಇದು ನಡೆಯುವ ರೀತಿ ನೋಡಿ. ಒಬ್ಬರು ಸೂಪರ್ ಮಾರ್ಕೆಟ್ಟಿನಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುತ್ತಾರೆ ಅಂದುಕೊಳ್ಳಿ. ಅವರ ಪಾಳಿ ಗೊತ್ತು ಮಾಡುವವರು ಮ್ಯಾನೇಜರ್. ಒಂದು ವಾರ 24 ಗಂಟೆ ಕೊಡುತ್ತಾರೆ, ಇನ್ನೊಂದು ವಾರ 16. ತಿಂಗಳ ಕೊನೆಗೆ ಒಟ್ಟು 76 ಗಂಟೆ ಆಯಿತು. ಅವರು ಕೆಲಸಕ್ಕೆ ತಪ್ಪಿಸಿಲ್ಲ. ಆದರೂ ಆ ತಿಂಗಳು 'ಕೆಲಸ ಮಾಡದ ತಿಂಗಳು' ಎಂದು ಲೆಕ್ಕವಾಗುತ್ತದೆ. ಅಂಥ ಮೂರು ತಿಂಗಳಾದರೆ ಕಾರ್ಡ್ ನಿಲ್ಲುತ್ತದೆ. ಗಂಟೆ ಪೂರ್ತಿಯಾದರೂ ಸಂಬಳದ ಚೀಟಿ ಹೊತ್ತಿಗೆ ಸರಿಯಾಗಿ ಕಚೇರಿ ತಲುಪಬೇಕು. ತಪ್ಪಿದರೆ ಅದೇ ಗತಿ. ಬೆನ್ನುನೋವು, ಖಿನ್ನತೆ ಇರುವವರಿಗೆ ವಿನಾಯಿತಿ ಸಿಗಬಹುದು, ಆದರೆ ಅದನ್ನು ಸಾಬೀತು ಮಾಡಲು ವೈದ್ಯರ ಪತ್ರ ಬೇಕು. ವಿಮೆ ಇಲ್ಲದವರು ಡಾಕ್ಟರ್ ಹತ್ತಿರ ಹೋಗುವುದು ಹೇಗೆ?

ಷರತ್ತಿನಿಂದ ಜನ ಕೆಲಸಕ್ಕೆ ಹೋದರಾ? ಕೆಲವು ಕಾಲ ಸಡಿಲವಾಗಿದ್ದ ಈ ನಿಯಮ ವರ್ಜೀನಿಯಾದಲ್ಲಿ 2013ರಲ್ಲಿ ಮರಳಿ ಬಂದಾಗ ಅರ್ಥಶಾಸ್ತ್ರಜ್ಞರ ಒಂದು ತಂಡ ಸರ್ಕಾರಿ ದಾಖಲೆಗಳನ್ನೇ ಹಿಡಿದು ಲೆಕ್ಕ ಹಾಕಿತು. ವಯಸ್ಸಿನ ಮಿತಿಯ ಸ್ವಲ್ಪ ಕೆಳಗಿರುವವರನ್ನೂ ಸ್ವಲ್ಪ ಮೇಲಿರುವವರನ್ನೂ ಹೋಲಿಸಿತು. ನಿಯಮಕ್ಕೆ ಒಳಪಟ್ಟವರಲ್ಲಿ ಸ್ನ್ಯಾಪ್ ಪಡೆಯುವವರು ಶೇ 53ರಷ್ಟು ಕಡಿಮೆಯಾಗಿದ್ದರು. ಉದ್ಯೋಗದಲ್ಲಿ ಗಮನಿಸುವಂಥ ಏರಿಕೆ ಕಾಣಲಿಲ್ಲ. ಪಟ್ಟಿಯಿಂದ ಹೊರಬಿದ್ದವರಲ್ಲಿ ಮನೆಯಿಲ್ಲದವರ ಪಾಲು ಹೆಚ್ಚಾಗಿತ್ತು. ಸಂಸತ್ತಿನ ಬಜೆಟ್ ಕಚೇರಿ 2022ರಲ್ಲಿ ಹಲವು ಅಧ್ಯಯನ ನೋಡಿ ಇದಕ್ಕೆ ಹತ್ತಿರದ ಮಾತನ್ನೇ ಹೇಳಿತು. ಸ್ನ್ಯಾಪ್‌ನ ಷರತ್ತಿನಿಂದ ಜನ ಕಳೆದುಕೊಂಡ ಸಹಾಯ, ಅವರ ಹೆಚ್ಚಾದ ಗಳಿಕೆಗಿಂತ ಜಾಸ್ತಿ.

ಕನ್ಸಾಸ್‌ನಿಂದ ವಾಷಿಂಗ್ಟನ್‌ಗೆ

ಈ ಕ್ಷೇತ್ರದಲ್ಲಿ ಪದೇ ಪದೇ ಹೆಸರು ಕೇಳಿಬರುವ ಥಿಂಕ್ ಟ್ಯಾಂಕ್ ಫೌಂಡೇಶನ್ ಫಾರ್ ಗವರ್ನಮೆಂಟ್ ಅಕೌಂಟಬಿಲಿಟಿ, ಚಿಕ್ಕದಾಗಿ ಎಫ್‌ಜಿಎ. ಮೇನ್ ರಾಜ್ಯದ ಮಾಜಿ ಶಾಸಕ ಟ್ಯಾರೆನ್ ಬ್ರಾಗ್ಡನ್ 2011ರಲ್ಲಿ ಫ್ಲೋರಿಡಾದ ನೇಪಲ್ಸ್ ಊರಿನಲ್ಲಿ ಇದನ್ನು ಕಟ್ಟಿದರು. ಇದಕ್ಕೆ ದೊಡ್ಡ ಮೊತ್ತ ಕೊಟ್ಟವರಲ್ಲಿ ಪ್ಯಾಕಿಂಗ್ ಸಾಮಾನಿನ ಉದ್ಯಮಿ ರಿಚರ್ಡ್ ಯೂಲೈನ್ ಅವರ ಕುಟುಂಬದ ಪ್ರತಿಷ್ಠಾನ ಒಂದು. ಇದರ ಲಾಬಿ ಮಾಡುವ ಜೊತೆ ಸಂಸ್ಥೆಯ ಹೆಸರು ಆಪರ್ಚುನಿಟಿ ಸೊಲ್ಯೂಷನ್ಸ್ ಪ್ರಾಜೆಕ್ಟ್.

ಇವರ ದಾರಿ ಸರಳ. ಮೊದಲು ಒಪ್ಪುವ ರಾಜ್ಯ ಹುಡುಕು. ಅಲ್ಲಿ ನಿಯಮ ಬಿಗಿ ಮಾಡಿಸು. ಅದು ಗೆದ್ದಿತು ಎಂದು ವರದಿ ಬರೆ. ಆ ವರದಿ ಹಿಡಿದು ಮುಂದಿನ ರಾಜ್ಯಕ್ಕೆ, ಆಮೇಲೆ ವಾಷಿಂಗ್ಟನ್‌ಗೆ ಹೋಗು. 2013ರಲ್ಲಿ ಕನ್ಸಾಸ್, 2014ರಲ್ಲಿ ಮೇನ್ ಕೆಲಸದ ಷರತ್ತನ್ನು ಮರಳಿ ತಂದವು. ಸಹಾಯ ನಿಂತವರ ಆದಾಯ ಒಂದು ವರ್ಷದಲ್ಲಿ ದುಪ್ಪಟ್ಟಿಗಿಂತ ಜಾಸ್ತಿ ಆಯಿತು ಎಂದು ಕನ್ಸಾಸ್ ಬಗ್ಗೆ ಎಫ್‌ಜಿಎ ವರದಿ ಹೇಳಿತು. ಈ ಲೆಕ್ಕದಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ ಎಂದು ಬೇರೆ ಅರ್ಥಶಾಸ್ತ್ರಜ್ಞರು ಆಕ್ಷೇಪ ಎತ್ತಿದರು. ಜನ ಸ್ನ್ಯಾಪ್‌ಗೆ ಅರ್ಜಿ ಹಾಕುವುದೇ ಕೆಲಸ ಹೋದಾಗ. ಅವರಲ್ಲಿ ಬಹಳಷ್ಟು ಜನ ವರ್ಷದೊಳಗೆ ಹೇಗಿದ್ದರೂ ಇನ್ನೊಂದು ಕೆಲಸ ಹಿಡಿಯುತ್ತಾರೆ. ನಿಯಮ ಇಲ್ಲದಿದ್ದರೂ ಅವರ ಆದಾಯ ಏರುತ್ತಿತ್ತು. ಎಷ್ಟು ಏರಿದ್ದು ನಿಯಮದಿಂದ ಎಂದು ಬೇರ್ಪಡಿಸದೆ ಹೇಳಿದ ಲೆಕ್ಕ ಅರ್ಧ ಲೆಕ್ಕ.

ಎಫ್‌ಜಿಎ ಒಂದೇ ಅಲ್ಲ. 1973ರಲ್ಲಿ ಶುರುವಾದ ಹೆರಿಟೇಜ್ ಫೌಂಡೇಶನ್ 1990ರ ದಶಕದಿಂದಲೂ ಕೆಲಸದ ಷರತ್ತಿನ ಪರವಾಗಿ ವರದಿ ಬರೆಯುತ್ತ ಬಂದಿದೆ. ಅದೇ ವರ್ಷ ಹುಟ್ಟಿದ ಅಲೆಕ್ ಎಂಬ ಸಂಘಟನೆಯಲ್ಲಿ ರಾಜ್ಯ ಶಾಸಕರೂ ಕಂಪನಿಗಳೂ ಒಟ್ಟಿಗೆ ಕೂತು ಮಾದರಿ ಮಸೂದೆ ಸಿದ್ಧ ಮಾಡುತ್ತಾರೆ.

ವಾಷಿಂಗ್ಟನ್‌ನಲ್ಲಿ ಇವರೆಲ್ಲ ಮೊದಲ ಯತ್ನಕ್ಕೇ ಗೆಲ್ಲಲಿಲ್ಲ. 2018ರ ಜೂನ್‌ನಲ್ಲಿ ಬಿಗಿ ಷರತ್ತಿನ ಫಾರ್ಮ್ ಬಿಲ್ ಕೆಳಮನೆಯಲ್ಲಿ 213–211 ವೋಟಿನಿಂದ ಪಾಸಾಯಿತು. ಮೇಲ್ಮನೆ ಸೆನೆಟ್ ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಆ ಷರತ್ತುಗಳಿಲ್ಲದೆ ಕಾಯ್ದೆ ಬಂತು. ಸಂಸತ್ತಿನಲ್ಲಿ ಆಗದ್ದನ್ನು ಇಲಾಖೆಯ ನಿಯಮದ ಮೂಲಕ ಮಾಡಲು 2019ರ ಡಿಸೆಂಬರ್‌ನಲ್ಲಿ ಆಗಿನ ಟ್ರಂಪ್ ಸರ್ಕಾರ ಹೊರಟಿತು. ಅದರಿಂದ 6.88 ಲಕ್ಷ ಜನ ಸಹಾಯ ಕಳೆದುಕೊಳ್ಳುತ್ತಾರೆ ಎಂದು ಸರ್ಕಾರದ್ದೇ ಅಂದಾಜಿತ್ತು. 2020ರ ಅಕ್ಟೋಬರ್‌ನಲ್ಲಿ ಕೋರ್ಟು ಆ ನಿಯಮವನ್ನು ರದ್ದು ಮಾಡಿತು. 2023ರಲ್ಲಿ ಕೇಂದ್ರ ಸರ್ಕಾರ ಎಷ್ಟು ಸಾಲ ಮಾಡಬಹುದೆಂಬ ಮಿತಿ ಏರಿಸುವ ಚೌಕಾಸಿಯಲ್ಲಿ ಷರತ್ತಿನ ವಯಸ್ಸು 54ಕ್ಕೆ ಹೋಯಿತು. ಅದಕ್ಕೆ ಬದಲಾಗಿ ಮಾಜಿ ಸೈನಿಕರು, ಮನೆಯಿಲ್ಲದವರು, ಸರ್ಕಾರದ ಪಾಲನೆಯಲ್ಲಿ (ಫಾಸ್ಟರ್ ಕೇರ್) ಬೆಳೆದು ಹೊರಬಂದ ಯುವಜನರಿಗೆ ವಿನಾಯಿತಿ ಸಿಕ್ಕಿತು.

2025ರ ಕಾಯ್ದೆ ಆ ಮೂರೂ ವಿನಾಯಿತಿಗಳನ್ನು ವಾಪಸ್ ತೆಗೆದುಕೊಂಡಿತು. ವಯಸ್ಸಿನ ಮಿತಿಯನ್ನು 64ಕ್ಕೆ ಏರಿಸಿತು. 14 ವರ್ಷ ದಾಟಿದ ಮಕ್ಕಳ ತಂದೆತಾಯಿಯನ್ನೂ ಷರತ್ತಿನೊಳಗೆ ತಂದಿತು. ಸಾಕಷ್ಟು ಕೆಲಸ ಇಲ್ಲದ ಪ್ರದೇಶಗಳಿಗೆ ರಾಜ್ಯಗಳು ವಿನಾಯಿತಿ ಕೇಳುವ ದಾರಿಯನ್ನೂ ಬಹುಮಟ್ಟಿಗೆ ಮುಚ್ಚಿತು. ಕೆಲವು ಅಪವಾದ ಬಿಟ್ಟರೆ ನಿರುದ್ಯೋಗ ಶೇ 10 ಮೀರಿದ ಕಡೆ ಮಾತ್ರ ಇನ್ನು ಅದು ಸಿಗುತ್ತದೆ. ಕೆಲಸದ ಷರತ್ತಿನ ಬದಲಾವಣೆಗಳಿಂದಲೇ ತಿಂಗಳಿಗೆ ಸರಾಸರಿ 24 ಲಕ್ಷ ಜನ ಕಡಿಮೆಯಾಗುತ್ತಾರೆ ಎಂದು ಬಜೆಟ್ ಕಚೇರಿ ಅಂದಾಜು ಮಾಡಿತು. ಇದೆಲ್ಲ ಯಾವುದೋ ಒಂದು ಸಂಸ್ಥೆ ಮಾಡಿಸಿದ್ದು ಎನ್ನಲಾಗದು. ಆದರೆ ವರ್ಷಗಳ ಕಾಲ ರಾಜ್ಯಗಳಲ್ಲಿ ಓಡಾಡಿದ ಬೇಡಿಕೆಗಳೇ ಇಲ್ಲಿ ಕಾಯ್ದೆಯ ಸಾಲುಗಳಾಗಿವೆ.

ಇನ್ನೊಂದು ದಿಕ್ಕಿನ ಲಾಬಿ

ಎಲ್ಲ ಲಾಬಿಯೂ ಕಡಿತಕ್ಕೇ ಅಲ್ಲ. ಫುಡ್ ರಿಸರ್ಚ್ ಅಂಡ್ ಆ್ಯಕ್ಷನ್ ಸೆಂಟರ್, ಸೆಂಟರ್ ಆನ್ ಬಜೆಟ್ ಅಂಡ್ ಪಾಲಿಸಿ ಪ್ರಯಾರಿಟೀಸ್, ಫುಡ್ ಬ್ಯಾಂಕ್‌ಗಳ ಒಕ್ಕೂಟವಾದ ಫೀಡಿಂಗ್ ಅಮೆರಿಕ, ಇವು ಯೋಜನೆ ಉಳಿಸಲು ಲಾಬಿ ಮಾಡುತ್ತವೆ. ತಾವು ಒಂದು ಊಟ ಕೊಟ್ಟರೆ ಸ್ನ್ಯಾಪ್ ಒಂಬತ್ತು ಊಟ ಕೊಡುತ್ತದೆ ಎಂದು ಫೀಡಿಂಗ್ ಅಮೆರಿಕ ಹೇಳುತ್ತದೆ. ಸರ್ಕಾರ ಕೈಬಿಟ್ಟರೆ ದಾನಿಗಳು ನೋಡಿಕೊಳ್ಳುತ್ತಾರೆ ಎಂಬ ಮಾತು ಏಕೆ ನಡೆಯುವುದಿಲ್ಲ ಎಂದು ಇಷ್ಟರಲ್ಲೇ ತಿಳಿಯುತ್ತದೆ.

ದಿನಸಿ ಅಂಗಡಿಗಳ ಸಂಘಗಳೂ ಸ್ನ್ಯಾಪ್ ಪರ. ಅದು ವರ್ಷಕ್ಕೆ ಸುಮಾರು 10,000 ಕೋಟಿ ಡಾಲರ್‌ನ ಯೋಜನೆ, ಅದರ ಬಹುಪಾಲು ಅವರ ಗಲ್ಲಾಕ್ಕೆ ಬರುವ ಹಣ.

ತಂಪು ಪಾನೀಯದ ಜಗಳದಲ್ಲಿ ಈ ಪಾಳಯಗಳು ಅದಲುಬದಲಾಗುತ್ತವೆ. ಸ್ನ್ಯಾಪ್ ಹಣದಲ್ಲಿ ಸೋಡಾ ಕೊಳ್ಳಬಾರದು ಎಂದು 2010ರಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಬ್ಲೂಮ್‌ಬರ್ಗ್ ಅನುಮತಿ ಕೇಳಿದರು. ಸಕ್ಕರೆ ಕಾಯಿಲೆ, ಬೊಜ್ಜು ತಡೆಯಬೇಕೆಂಬುದು ಅವರ ಉದ್ದೇಶ. ಪಾನೀಯ ಕಂಪನಿಗಳ ಸಂಘ ವಿರೋಧಿಸಿತು. ಬಡವರ ಪರ ಸಂಘಟನೆಗಳಲ್ಲೂ ಕೆಲವು ವಿರೋಧಿಸಿದವು, ಏನು ತಿನ್ನಬೇಕೆಂದು ಬಡವರಿಗೆ ಮಾತ್ರ ಹೇಳುವುದು ಅವಮಾನ ಎಂಬ ಕಾರಣಕ್ಕೆ. 2011ರಲ್ಲಿ ಕೃಷಿ ಇಲಾಖೆ ಅನುಮತಿ ನಿರಾಕರಿಸಿತು. 2025ರಲ್ಲಿ ಗಾಳಿ ತಿರುಗಿತು. ಮೇ ತಿಂಗಳಲ್ಲಿ ನೆಬ್ರಾಸ್ಕಾಕ್ಕೆ ಮೊದಲ ಅನುಮತಿ ಸಿಕ್ಕಿತು, ಆಮೇಲೆ ಹತ್ತಕ್ಕೂ ಹೆಚ್ಚು ರಾಜ್ಯಗಳಿಗೆ. 2026ರ ಜನವರಿ 1ರಿಂದ ನೆಬ್ರಾಸ್ಕಾ, ಅಯೋವಾ, ಇಂಡಿಯಾನಾ, ಯೂಟಾ, ವೆಸ್ಟ್ ವರ್ಜೀನಿಯಾದಲ್ಲಿ ನಿರ್ಬಂಧ ಶುರು. ಪಾನೀಯ ಉದ್ಯಮ ತನ್ನ ಲಾಭಕ್ಕಾಗಿ, ಹಸಿವಿನ ವಿರುದ್ಧ ಹೋರಾಡುವವರು ಘನತೆಗಾಗಿ, ಇಬ್ಬರೂ ಒಂದೇ ನಿರ್ಬಂಧದ ವಿರುದ್ಧ ನಿಂತರು. ಯಾರು ಯಾವ ಕಡೆ ನಿಂತಿದ್ದಾರೆ ಎಂದು ನೋಡಿ ಮಾತ್ರ ತೀರ್ಪು ಕೊಡುವುದು ಇಲ್ಲಿ ನಡೆಯುವುದಿಲ್ಲ.

ಖರ್ಚು ರಾಜ್ಯಗಳ ತಲೆಗೆ

ಹೊಸ ಕಾಯ್ದೆಯಲ್ಲಿ ಜನರ ಕಣ್ಣಿಗೆ ಕಡಿಮೆ ಬಿದ್ದ, ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇದು. 2026ರ ಅಕ್ಟೋಬರ್‌ನಿಂದ ಕಚೇರಿ ಖರ್ಚಿನಲ್ಲಿ ರಾಜ್ಯದ ಪಾಲು ಶೇ 50ರಿಂದ 75ಕ್ಕೆ ಏರುತ್ತದೆ. 2027ರ ಅಕ್ಟೋಬರ್‌ನಿಂದ ಸಹಾಯಧನದಲ್ಲೂ ರಾಜ್ಯ ಪಾಲು ಕೊಡಬೇಕು. ಎಷ್ಟು ಎಂಬುದು ಆ ರಾಜ್ಯದ 'ತಪ್ಪಿನ ದರ'ದ ಮೇಲೆ. ದರ ಶೇ 6ರೊಳಗಿದ್ದರೆ ಪಾಲು ಇಲ್ಲ. ಅದಕ್ಕಿಂತ ಮೇಲೆ ಹೋದಂತೆ ಶೇ 5, ಶೇ 10, ಕೊನೆಗೆ ಶೇ 15.

ತಪ್ಪಿನ ದರ ಅಂದರೆ ಕೊಡಬೇಕಾದ್ದಕ್ಕಿಂತ ಹೆಚ್ಚು ಅಥವಾ ಕಡಿಮೆ ಕೊಟ್ಟ ಮೊತ್ತದ ಪಾಲು. 2024ರಲ್ಲಿ ದೇಶದ ಸರಾಸರಿ ಶೇ 10.93. ಇದನ್ನು ಮೋಸ ಎಂದು ಭಾಷಣಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ. ಗುಮಾಸ್ತರು ಆದಾಯ ತಪ್ಪಾಗಿ ಬರೆದದ್ದು, ಸಂಬಳ ಬದಲಾದದ್ದನ್ನು ಮನೆಯವರು ತಡವಾಗಿ ತಿಳಿಸಿದ್ದು, ಹೀಗೆ ಬಹುತೇಕ ಸಾಮಾನ್ಯ ತಪ್ಪುಗಳೇ ಇದರಲ್ಲಿವೆ. ಬಡವರಿಗೆ ಕಡಿಮೆ ಕೊಟ್ಟದ್ದೂ ಇದರಲ್ಲೇ ಸೇರುತ್ತದೆ.

ರಾಜ್ಯಕ್ಕೆ ಈಗ ಭಯ. ತಪ್ಪು ಕಡಿಮೆ ಮಾಡಬೇಕಾದರೆ ಹೆಚ್ಚು ದಾಖಲೆ ಕೇಳಬೇಕು. ಹೆಚ್ಚು ದಾಖಲೆ ಕೇಳಿದರೆ ಅರ್ಜಿದಾರರು ಅರ್ಧದಲ್ಲೇ ಬಿಟ್ಟು ಹೋಗುತ್ತಾರೆ. ಅತ್ತ ಕಚೇರಿಗೆ ಕೇಂದ್ರ ಕೊಡುವ ಹಣವೂ ಕಡಿಮೆಯಾಗುತ್ತದೆ. ಕೇಂದ್ರ ಯಾರನ್ನೂ ನೇರವಾಗಿ ಹೊರಹಾಕದೆ, ಹೊರಹಾಕುವ ಒತ್ತಡವನ್ನು ರಾಜ್ಯದ ಗುಮಾಸ್ತರ ಮೇಜಿಗೆ ದಾಟಿಸಿದಂತಾಯಿತು.

ಮಸೂದೆ ಪಾಸಾದ ಬಗೆಯೂ ಕುತೂಹಲದ್ದು. ಸೆನೆಟ್‌ನಲ್ಲಿ 50–50 ಸಮವಾಗಿ, ಉಪಾಧ್ಯಕ್ಷ ವ್ಯಾನ್ಸ್ ವೋಟಿನಿಂದ ಪಾಸಾಯಿತು. ಅಲಾಸ್ಕಾದ ಸೆನೆಟರ್ ಲೀಸಾ ಮರ್ಕೌಸ್ಕಿ ಅವರ ವೋಟು ಬೇಕೇ ಬೇಕಿತ್ತು. ಅಲಾಸ್ಕಾದ ತಪ್ಪಿನ ದರ 2024ರಲ್ಲಿ ಶೇ 24 ದಾಟಿತ್ತು, ದೇಶದಲ್ಲೇ ಅತಿ ಹೆಚ್ಚು. ಕೊನೆಯ ಗಳಿಗೆಯಲ್ಲಿ ಒಂದು ತಿದ್ದುಪಡಿ ಬಂತು. ತಪ್ಪಿನ ದರ ತುಂಬ ಜಾಸ್ತಿ ಇರುವ ರಾಜ್ಯಗಳು ಎರಡು ವರ್ಷದ ತನಕ ತಡವಾಗಿ ಪಾಲು ಕೊಟ್ಟರೆ ಸಾಕು ಎಂದು. ಹಾಗಾಗಿ ಶೇ 24 ತಪ್ಪು ಮಾಡಿದ ರಾಜ್ಯಕ್ಕೆ ಸಮಯ ಸಿಗುತ್ತದೆ, ಶೇ 9 ತಪ್ಪು ಮಾಡಿದ ರಾಜ್ಯ ತಕ್ಷಣ ಕಟ್ಟಬೇಕು.

ಅಲ್ಲಿರುವ ನಮ್ಮವರಿಗೆ ಇದರ ಸಂಬಂಧ

ಎಚ್-1ಬಿ ವೀಸಾದಲ್ಲಿರುವವರಿಗೆ ಸ್ನ್ಯಾಪ್ ಎಂದೂ ಸಿಗುತ್ತಿರಲಿಲ್ಲ, ಈಗಲೂ ಇಲ್ಲ. ಗ್ರೀನ್ ಕಾರ್ಡ್ ಬಂದ ವಯಸ್ಕರು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಗ್ರೀನ್ ಕಾರ್ಡ್ ಇರುವ 18ರೊಳಗಿನ ಮಕ್ಕಳಿಗೆ ಆ ಕಾಯುವಿಕೆ ಇಲ್ಲ. ಅಲ್ಲೇ ಹುಟ್ಟಿದ ಮಕ್ಕಳು ಪ್ರಜೆಗಳು, ಕುಟುಂಬದ ಆದಾಯ ಕಡಿಮೆ ಇದ್ದರೆ ಅವರಿಗೆ ಅರ್ಹತೆ ಇದೆ. ಹೊಸ ಕಾಯ್ದೆ ನಿರಾಶ್ರಿತರು ಮತ್ತು ಆಶ್ರಯ ಪಡೆದವರ ಅರ್ಹತೆಯನ್ನು ತೆಗೆದುಹಾಕಿದೆ, ಅವರು ಗ್ರೀನ್ ಕಾರ್ಡ್ ಪಡೆಯುವ ತನಕ.

ಇನ್ನೊಂದು ವಿಷಯ ಭಯದ್ದು. ಸ್ನ್ಯಾಪ್ ಪಡೆದರೆ ಗ್ರೀನ್ ಕಾರ್ಡಿಗೆ ತೊಂದರೆ ಆಗಬಹುದೆಂಬ ನಿಯಮವನ್ನು 2019ರಲ್ಲಿ ಪ್ರಕಟಿಸಿದ್ದರು. 2021ರಲ್ಲಿ ಅದು ರದ್ದಾಯಿತು. ಆದರೆ ಅಂಥ ಸುದ್ದಿ ಒಮ್ಮೆ ಹರಡಿದರೆ ಅರ್ಹತೆ ಇರುವವರೂ ಅರ್ಜಿ ಹಾಕಲು ಹಿಂಜರಿಯುತ್ತಾರೆ. ಇಂಥ ಸಂದರ್ಭದಲ್ಲಿ ವಾಟ್ಸ್ಆ್ಯಪ್ ಸಂದೇಶ ನಂಬದೆ ವಲಸೆ ವಕೀಲರನ್ನೇ ಕೇಳುವುದು ಒಳ್ಳೆಯದು.

ಯಾರು ಲಾಬಿ ಮಾಡಿದರು ಎಂದು ತಿಳಿಯುವುದು ಹೇಗೆ?

ಕೇಂದ್ರದ ಲಾಬಿ ವರದಿಗಳು ಸೆನೆಟ್‌ನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತವೆ. ಸಂಸ್ಥೆಯ ಹೆಸರು ಹಾಕಿ ಹುಡುಕಬಹುದು. ರಾಜ್ಯಗಳಲ್ಲಿ ಪದ್ಧತಿ ಬೇರೆ ಬೇರೆ. ಅಯೋವಾದಲ್ಲಿ ಪ್ರತಿ ಮಸೂದೆಯ ಪಕ್ಕದಲ್ಲೂ ಯಾವ ಸಂಸ್ಥೆಯ ಲಾಬಿಗಾರರು ಪರ, ಯಾರು ವಿರುದ್ಧ ಎಂದು ಶಾಸನ ಸಭೆಯ ವೆಬ್‌ಸೈಟಿನಲ್ಲೇ ಬರೆದಿರುತ್ತದೆ. 2023ರಲ್ಲಿ ಅಲ್ಲಿ ಸ್ನ್ಯಾಪ್ ಪಡೆಯುವವರ ಆಸ್ತಿ ತಪಾಸಣೆ ಮಾಡುವ ಮಸೂದೆ ಬಂದಾಗ ಪರವಾಗಿ ನೋಂದಾಯಿಸಿದವರಲ್ಲಿ ಆಪರ್ಚುನಿಟಿ ಸೊಲ್ಯೂಷನ್ಸ್ ಪ್ರಾಜೆಕ್ಟ್ ಇತ್ತು. ಗವರ್ನರ್ ಕಿಮ್ ರೆನಾಲ್ಡ್ಸ್ ಅದೇ ವರ್ಷ ಜೂನ್‌ನಲ್ಲಿ ಅದಕ್ಕೆ ಸಹಿ ಹಾಕಿದರು. 15,000 ಡಾಲರ್‌ಗಿಂತ ಹೆಚ್ಚು ಆಸ್ತಿ ಇರುವ ಮನೆಗಳಿಗೆ ಸ್ನ್ಯಾಪ್ ಇಲ್ಲ ಎಂದು ಅದು ಹೇಳುತ್ತದೆ. ವಾಸದ ಮನೆ, ಒಂದು ವಾಹನ ಆ ಲೆಕ್ಕಕ್ಕೆ ಬರುವುದಿಲ್ಲ.

ಹಸಿವನ್ನು ಅಳೆಯುವ ದಾಖಲೆ ಮಾತ್ರ ಇನ್ನು ಕಷ್ಟ. ಎಷ್ಟು ಮನೆಗಳಲ್ಲಿ ಊಟಕ್ಕೆ ತೊಂದರೆ ಇದೆ ಎಂದು ಅಮೆರಿಕದ ಕೃಷಿ ಇಲಾಖೆ ಪ್ರತಿ ವರ್ಷ ಸಮೀಕ್ಷೆ ವರದಿ ಕೊಡುತ್ತಿತ್ತು. 2023ರಲ್ಲಿ ಅಂಥ ಮನೆಗಳು 1.8 ಕೋಟಿ, ಅಂದರೆ ಶೇ 13.5. ಈ ಸಮೀಕ್ಷೆಯನ್ನು ನಿಲ್ಲಿಸುವುದಾಗಿ ಇಲಾಖೆ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಹೊಸ ಷರತ್ತುಗಳು ಪೂರ್ತಿ ಜಾರಿಗೆ ಬಂದ ಮೇಲೆ ಏನಾಯಿತು ಎಂದು ತಿಳಿಯಲು ರಾಜ್ಯಗಳ ಲೆಕ್ಕ, ಫುಡ್ ಬ್ಯಾಂಕ್‌ಗಳ ಲೆಕ್ಕ, ವಿಶ್ವವಿದ್ಯಾಲಯಗಳ ಅಧ್ಯಯನಗಳನ್ನೇ ಜೋಡಿಸಿ ನೋಡಬೇಕಾಗುತ್ತದೆ.